ಫೇರತಪಾಸಣಿ

ಚೆಕ್ ಬೌನ್ಸುಗಳಿಂದ ಶುರು ನನ್ನ ವಕೀಲಿ.
ಸೋಲಾಪುರದ ಜಿಲ್ಲಾ ಕೋರ್ಟು, ಬೇವಿನ ನೆರಳು,
ಒಂದು ಮೇಜು, ಒಂದೂವರೆ ಕುರ್ಚಿ.
ಮನೆಯಲ್ಲಿ ಕನ್ನಡ, ಜಡ್ಜರೆದುರು ಮರಾಠಿ,
ಕಾಯಿದೆ ಪುಸ್ತಕದೊಳಗೆ ಇಂಗ್ಲಿಷು,
ಕಕ್ಷಿದಾರರು ಅಳುವಾಗ ತೆಲುಗು.

ಆಮೇಲೆ ಚಾದರಿನ ಲೇಬಲ್ಲುಗಳ ಜಗಳ:
ಇವನ ನವಿಲಿಗೆ ಏಳು ಗರಿ, ಅವನದಕ್ಕೆ ಎಂಟು.
ಪಾಲುದಾರಿಕೆ ಮುರಿದ ಅಣ್ಣತಮ್ಮಂದಿರು
ಒಂದೇ ರಿಕ್ಷಾದಲ್ಲಿ ಬಂದಿಳಿದು
ಬೇರೆ ಬೇರೆ ಬಾಗಿಲಿಂದ ಒಳಗೆ ಹೋದದ್ದು ಕಂಡಿದ್ದೇನೆ.
ನನ್ನ ಹಿರಿಯರು, ಹತ್ತೂರೆ ವಕೀಲರು,
ಎಲೆ ಮಡಿಚುತ್ತ ಕಲಿಸಿದ್ದು ಒಂದೇ ಮಾತು:
"ತಂಗಿ, ಉತ್ತರ ಗೊತ್ತಿರಲಾರದ ಪ್ರಶ್ನಿ
ಕಟಕಟಿಯೊಳಗ ನಿಂತಾವಗ ಕೇಳಬ್ಯಾಡ."

ಹದಿನೇಳನೆಯ ವರ್ಷಕ್ಕೆ ಬಂತು ಪೇಟೆಂಟು.
ನಮ್ಮೂರ ಬಾರ್ ರೂಮಿಗೆ ಅದು ಧೂಮಕೇತು.
ಅಂಬಾದಾಸ ವಡ್ನಾಲ, ಜಾಬರ್,
ಎಡಗೈಯ ಎರಡು ಬೆರಳು ಮಗ್ಗಕ್ಕೆ ಕೊಟ್ಟವನು,
ಸೈಕಲ್ಲಿನ ಕಡ್ಡಿ ತುಂಡರಿಸಿ, ತಂತಿ ಹೊಂದಿಸಿ
ಟವೆಲಿನ ಕುಣಿಕೆಯ ನೂಲು ಹರಿದರೆ
ಮಗ್ಗ ತಾನೇ ನಿಲ್ಲುವಂತೆ ಮಾಡಿದ್ದ.
ಅಕ್ಕಲಕೋಟ ರಸ್ತೆಯ ಕಾರ್ಖಾನೆಯವರು
ಅದನ್ನೇ ನೂರಾ ಹನ್ನೆರಡು ಮಗ್ಗಕ್ಕೆ ಕೂರಿಸಿ
ದೀಪಾವಳಿಗೆ ಅವನಿಗೊಂದು ಮಿಠಾಯಿ ಡಬ್ಬಿ ಕಳಿಸಿದ್ದರು.

ಡಬ್ಬಿಯನ್ನೂ ದಾಖಲೆಗೆ ಸೇರಿಸೋಣವೇ, ಅಂದ. ನಕ್ಕೆ.
ಆರು ರವಿವಾರ ಪಾಠ ಹೇಳಿದೆ:
ಕೇಳಿದಷ್ಟಕ್ಕೇ ಹೇಳು. ಹೌದು, ಇಲ್ಲ, ಮುಗೀತು.
ತಲೆಯಾಡಿಸಿದ, ಎಲ್ಲ ಒಳ್ಳೆಯ ಮನುಷ್ಯರ ಹಾಗೆ.

ಪುಣೆಯಿಂದ ಬಂದ ಎದುರು ವಕೀಲ
ಮೂರು ತಾಸು ಜಗ್ಗಾಡಿ, ಸುಸ್ತಾಗಿ,
ಫೈಲು ಮುಚ್ಚುತ್ತ, ಬರೀ ಸೌಜನ್ಯಕ್ಕೆಂಬಂತೆ
"ಯಾರಿಂದ ಕಲಿತಿರಿ ಇದನ್ನ?" ಅಂದ.

ಅಂಬಾದಾಸನ ಮುಖ ಅರಳಿತು.
"ನಮ್ಮ ಅತ್ತಿ, ಸಾಹೇಬ್ರ. ಪೋಚವ್ವ.
ಕೈಮಗ್ಗದ ನೂಲಿನ ಮ್ಯಾಲೆ ಗೆಜ್ಜಿ ಇಡತಿದ್ಲು,
ಹರಿದರ ತಟ್ಟಿಯೊಳಗ ಬಿದ್ದು ಟಣ್ ಅಂತಿತ್ತು.
ನಾ ಗೆಜ್ಜಿ ತಗದು ಕರೆಂಟ್ ಹಾಕೀನಿ, ಅಷ್ಟ."

ಅಷ್ಟ.
ಸ್ಟೆನೋ ಅದನ್ನೂ ಟೈಪು ಮಾಡಿದಳು.
ಮೊದಲೇ ಬಳಕೆಯಲ್ಲಿದ್ದದ್ದು ಹೊಸತಲ್ಲ.
ಕಲಮು ಹುಡುಕುವ ಪುಣೆಯವನ ಬೆರಳು
ಸಂತೋಷಕ್ಕೆ ನಡುಗುತ್ತಿತ್ತು.

"ಫೇರತಪಾಸಣಿ?" ಕೇಳಿದರು ಜಡ್ಜು.
ಅಂದರೆ, ಪಾಟೀಸವಾಲಿನಲ್ಲಿ ಹರಿದದ್ದಕ್ಕೆ
ನಮ್ಮ ಸಾಕ್ಷಿಯ ಕೈಯಿಂದಲೇ ಗಂಟು ಹಾಕಿಸಲು
ನಮಗಿರುವ ಕೊನೆಯ ಸರದಿ.
ಎದ್ದು ನಿಂತೆ.
ಕಾಯಿದೆಯಲ್ಲೊಂದು ಸಂದಿ ಇತ್ತು:
ನಾಲ್ಕು ಜನ ಕಾಣದ ಬಳಕೆ, ಬಳಕೆಯಲ್ಲ.
ಒಂದು ಪ್ರಶ್ನೆ ಸಾಕಿತ್ತು,
ಆ ಗೆಜ್ಜೆಯನ್ನು ಮತ್ಯಾರಾದರೂ ನೋಡಿದ್ದರೇ?

ಗೋಡೆಗೆ ಗೋಡೆ ಅಂಟಿದ ಓಣಿ.
ಹೊಸ್ತಿಲ ಮೇಲೆ ಹಗಲೆಲ್ಲ ಬೀಡಿ ಸುತ್ತುವ ಹೆಂಗಸರು.
ಯಾರು ತಾನೇ ನೋಡಿರಲಿಕ್ಕಿಲ್ಲ?
ಇವನೋ, ನಿಜ ಹೇಳಿಬಿಡುವ ಆಸಾಮಿ.
ಹತ್ತೂರೆಯವರ ಎಲೆ ಸುಣ್ಣದ ವಾಸನೆ
ಎಲ್ಲಿಂದಲೋ ಮೂಗಿಗೆ ಬಂತು.
"ಇಲ್ಲ" ಅಂದು ಕೂತೆ.

ದಾವೆ ವಜಾ.

ಮೂರು ವರ್ಷದ ಮೇಲೆ, ಮಗಳ ಲಗ್ನಪತ್ರಿಕೆ ಹಿಡಿದು ಬಂದ.
ಚಹಾ ಬಸಿಗೆ ಸುರಿದುಕೊಂಡು, ಮಾತಿಗೆ ಮಾತು:
ಪೋಚವ್ವನಿಗೆ ಆ ಹೊತ್ತಿಗಾಗಲೇ ಕಣ್ಣು ಹೋಗಿದ್ದವಂತೆ.
ಸಾವುಕಾರನಿಗೆ ತಿಳಿದರೆ ನೂಲು ಕೊಡುವುದಿಲ್ಲವೆಂದು
ಬಾಗಿಲು ಹಾಕಿಕೊಂಡೇ ನೇಯುತ್ತಿದ್ದಳಂತೆ.
"ಅದಕ್ಕ ಗೆಜ್ಜಿ, ವಕೀಲಬಾಯಿ.
ಹೆತ್ತ ಮಗಳಿಗೂ ತೋರಿಸಲಿಲ್ಲ ಮುದುಕಿ.
ಜಾಬರ್ ಅಂತ ನನಗೊಬ್ಬಾವಗ."

"ಕೋರ್ಟಿನ್ಯಾಗ ಯಾಕ ಹೇಳಲಿಲ್ಲೋ?"

"ನೀವು ಕೇಳಲಿಲ್ಲಲ್ರೀ," ಅಂದ.
"ಕೇಳಿದಷ್ಟಕ್ಕ ಹೇಳು ಅಂದಿದ್ರಿ."

ಲಗ್ನಕ್ಕೆ ಹೋಗಿದ್ದೆ.
ಆಹೇರಿಗೆ ಎಲ್ಲರಿಗೂ ಟವೆಲು ಕೊಟ್ಟರು.
ಬೆಳಕಿಗೆ ಹಿಡಿದು ನೋಡಿದೆ, ಒಂದು ಕುಣಿಕೆಯೂ ತಪ್ಪಿರಲಿಲ್ಲ.
ಅಂಚಿನಲ್ಲಿ, ಉಗುರಗಲದ ಲೇಬಲ್ಲಿನಲ್ಲಿ,
ಅಕ್ಕಲಕೋಟ ರಸ್ತೆಯ ಕಾರ್ಖಾನೆಯ ಹೆಸರು.